ಒಬ್ಬರ ಅಂಗಿ, ಹಲವರ ಮೈ

ನಾವು ವಿಜಯವಾಡದಲ್ಲಿ ಕೆಲಸಕ್ಕಿದ್ದಾಗಿನ ಮಾತು. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕುಳಿತಿದ್ದೆವು. ಗುಡಿವಾಡದ ಕಡೆಯ ಸಹೋದ್ಯೋಗಿಯೊಬ್ಬರು, "ಏಮಂಡೀ, ಮೀ ಕನ್ನಡ ಸಿನಿಮಾಲನ್ನೀ ರೀಮೇಕ್‌ಲೇ ಕದಾ!" ಎಂದು ನಕ್ಕರು. ಹಿಂದಿನ ರಾತ್ರಿ ಟಿ.ವಿ.ಯಲ್ಲಿ ಅವರು ರವಿಚಂದ್ರನ್ನರ 'ಹಳ್ಳಿ ಮೇಷ್ಟ್ರು' ಚಿತ್ರದ ತುಣುಕು ನೋಡಿದ್ದರಂತೆ. ನಮಗೆ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಮೊಸರನ್ನ ತಿಂದು ಸುಮ್ಮನೆ ಎದ್ದೆವು. ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. ಮುಂದೆ ವಿಶಾಖಪಟ್ಟಣಕ್ಕೆ ವರ್ಗವಾದ ಮೇಲೂ ಆ ಚಿತ್ರದ ಜಾಡು ಹಿಡಿಯುತ್ತ ಹೋದೆವು. ಸಿಕ್ಕಿದ್ದನ್ನು ಸಂಘದ ಬಂಧುಗಳ ಮುಂದಿಡುತ್ತಿದ್ದೇವೆ.

ಜಾಡು ಹೋಗಿ ಸೇರುವುದು ತಮಿಳಿನ ಕೆ. ಭಾಗ್ಯರಾಜ್ ಅವರ ಬಳಿಗೆ. ಭಾರತಿರಾಜಾ ಅವರ ಸಹಾಯಕರಾಗಿದ್ದ ಇವರು 1979ರಲ್ಲಿ ತಾವೇ ನಿರ್ದೇಶಕರಾದರು. ಕಥೆ, ಸಂಭಾಷಣೆ, ನಿರ್ದೇಶನ ಎಲ್ಲವೂ ಅವರದೇ, ನಾಯಕನೂ ಅವರೇ. ಕನ್ನಡಕ ಹಾಕಿದ, ನೋಡಲು ಸಾಧುವಾದ, ಹೆಂಗಸರೆದುರು ತಡವರಿಸುವ, ಒಳಗೊಳಗೆ ಬುದ್ಧಿವಂತನಾದ ಬಡ ಮನುಷ್ಯ: ಇದು ಅವರು ತಮ್ಮ ಮೈಗೆ ತಾವೇ ಅಳತೆ ಹಿಡಿದು ಹೊಲಿದುಕೊಂಡ ಅಂಗಿ. ಇಂಥ ಅಂಗಿಯನ್ನು ಬೇರೆಯವರು ತೊಟ್ಟರೆ ಏನಾಗುತ್ತದೆ? ಬಿ.ಎಸ್ಸಿ. ಓದುವಾಗ ನಮಗೆ ಹೇಳಿಕೊಟ್ಟ ಪಾಠ ಇಲ್ಲಿ ನೆನಪಾಗುತ್ತದೆ: ಉಳಿದುದೆಲ್ಲವನ್ನೂ ಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡು. ಭಾರತೀಯ ಚಿತ್ರರಂಗ ಆ ಪ್ರಯೋಗವನ್ನು ಹಲವು ಸಲ ಮಾಡಿಟ್ಟಿದೆ.

ಮೊದಲನೆಯದು 1981ರ 'ಅಂದ ಏಳು ನಾಟ್ಕಳ್'. ಸಂಗೀತ ನಿರ್ದೇಶಕನಾಗಬೇಕೆಂದು ಮದರಾಸಿಗೆ ಬಂದ ಪಾಲಕ್ಕಾಡಿನ ಮಾಧವನ್ ಇದರ ನಾಯಕ. ಅವನ ಮಲಯಾಳಿ ಉಚ್ಚಾರಣೆಯೇ ಅರ್ಧ ಹಾಸ್ಯ. ಪರಸ್ಥಳದಲ್ಲಿ ನಾಲಿಗೆ ತೊಡರಿಸಿಕೊಂಡು ಬದುಕುವ ನಮ್ಮಂಥವರಿಗೆ ಅವನು ಹತ್ತಿರದವನು. ಅದೇ ವರ್ಷ ಬಾಪು ಇದನ್ನು ತೆಲುಗಿನಲ್ಲಿ 'ರಾಧಾ ಕಲ್ಯಾಣಂ' ಮಾಡಿದರು. 1983ರಲ್ಲಿ ಹಿಂದಿಯ 'ವೋ ಸಾತ್ ದಿನ್' ಚಿತ್ರವನ್ನು ನಿರ್ದೇಶಿಸಿದವರೂ ಅವರೇ. ಅಲ್ಲಿ ಅನಿಲ್ ಕಪೂರ್ ಪಟಿಯಾಲಾದ ಪಂಜಾಬಿಯಾದರು. ಊರು ಬದಲಾಯಿತು, ಪರದೇಶಿತನ ಮಾತ್ರ ಉಳಿಯಿತು.

ತೆಲುಗಿನಲ್ಲಿ ಅಂಗಿ ತೊಟ್ಟವರು ಕೃಷ್ಣಾ ಜಿಲ್ಲೆಯವರೇ ಆದ, ಪಮಿಡಿಮುಕ್ಕಲದ ಚಂದ್ರಮೋಹನ್. 1983ರಲ್ಲಿ ಭಾಗ್ಯರಾಜ್ 'ಮುಂದಾನೈ ಮುಡಿಚ್ಚು' ತೆಗೆದಾಗ ಜಂಧ್ಯಾಲ ಅದನ್ನು ಅದೇ ವರ್ಷ 'ಮೂಡು ಮುಳ್ಳು' ಎಂದು ತಂದರು. ಹಸುಗೂಸಿನೊಡನೆ ಹಳ್ಳಿಗೆ ಬರುವ ವಿಧುರ ಮೇಷ್ಟ್ರಾಗಿ ನಿಂತವರು ಮತ್ತೆ ಚಂದ್ರಮೋಹನ್. 2023ರ ನವೆಂಬರಿನಲ್ಲಿ ತೀರಿಕೊಂಡ ಈ ಗಿಡ್ಡ ಮೈಕಟ್ಟಿನ ನಟ ಭಾಗ್ಯರಾಜರನ್ನು ಅನುಕರಿಸಲಿಲ್ಲ. ನೆರೆಮನೆಯ ತೆಲುಗು ಹುಡುಗನಾಗಿಯೇ ಉಳಿದರು. ಅಂಗಿ ಅವರಿಗೆ ಒಪ್ಪಿತು. 1985ರ ಹಿಂದಿ 'ಮಾಸ್ಟರ್‌ಜೀ'ಯಲ್ಲಿ ರಾಜೇಶ್ ಖನ್ನಾ ಅದೇ ಮೇಷ್ಟ್ರು. ಆದರೆ ನಮ್ಮ ಕಣ್ಣಿಗೆ ಕೊನೆಯವರೆಗೂ ಕಂಡದ್ದು ರಾಜೇಶ್ ಖನ್ನಾ, ಮೇಷ್ಟ್ರಲ್ಲ.

ಇನ್ನು ಕನ್ನಡದ ವಿಶೇಷ ಕೇಳಿ. ನಮ್ಮಲ್ಲಿ ಈ ಪಾತ್ರಗಳು ಬಂದದ್ದು ತಾವೂ ನಿರ್ದೇಶಕರಾಗಿದ್ದ ಇಬ್ಬರ ಪಾಲಿಗೆ. 1989ರ 'ಲವ್ ಮಾಡಿ ನೋಡು' ಚಿತ್ರದಲ್ಲಿ ಕಾಶಿನಾಥ್, 1992ರ 'ಹಳ್ಳಿ ಮೇಷ್ಟ್ರು' ಚಿತ್ರದಲ್ಲಿ 'ಪ್ರೇಮಲೋಕ'ದ ರವಿಚಂದ್ರನ್. 1984ರ 'ಅನುಭವ'ದಿಂದ ಕಾಶಿನಾಥ್ ಪುಕ್ಕಲು ಮುಗ್ಧನ ಅಂಗಿಯೊಂದನ್ನು ತಮಗಾಗಿ ಹೊಲಿದುಕೊಂಡಿದ್ದರು. ಆದ್ದರಿಂದ ಅವರು ಎರವಲು ತಂದಂತೆಯೇ ಕಾಣಲಿಲ್ಲ. ಸಾಲ ತಂದ ಅವರೇ ಸಾಲ ಕೊಟ್ಟವರೂ ಹೌದು. 'ಅನುಭವ'ವನ್ನು ಅವರೇ 1986ರಲ್ಲಿ ಹಿಂದಿಯಲ್ಲಿ ನಿರ್ದೇಶಿಸಿದಾಗ ಅವರ ಪಾತ್ರ ಮಾಡಿದವರು ಶೇಖರ್ ಸುಮನ್. ರವಿಚಂದ್ರನ್ನರ ಮೇಷ್ಟ್ರಾದರೋ ಸಾಧುತನ ಕಡಿಮೆ ಮಾಡಿಕೊಂಡು ಪ್ರಣಯಕ್ಕೆ ವಾಲಿದರು. ಆದರೆ ನುಗ್ಗೆಕಾಯಿಯ ತಮಾಷೆ ಹಾಗೆಯೇ ಉಳಿಯಿತು!

ಅಷ್ಟರಲ್ಲಿ ನಮಗೆ ಸಹೋದ್ಯೋಗಿಗೆ ಹೇಳಲು ಒಂದು ಉತ್ತರ ಸಿಕ್ಕಿತು. ವೆಂಕಟೇಶ್ ಅಭಿನಯದ 'ಅಬ್ಬಾಯಿಗಾರು' (1993) ಅವರ ಮೆಚ್ಚಿನ ಚಿತ್ರ. ಅದರ ಮೂಲ ಭಾಗ್ಯರಾಜರ 'ಎಂಗ ಚಿನ್ನ ರಾಸಾ' (1987). ಹಿಂದಿಯ 'ಬೇಟಾ', ರವಿಚಂದ್ರನ್ನರ 'ಅಣ್ಣಯ್ಯ' ಎಲ್ಲಕ್ಕೂ ಅದೇ ಮೂಲ. ಆ ತಮಿಳು ಚಿತ್ರದ ಆಧಾರವೋ, 'ಕ್ರಾಂತಿ ಕಲ್ಯಾಣ'ಕ್ಕೆ ಅಕಾಡೆಮಿ ಪ್ರಶಸ್ತಿ ಪಡೆದ ನಮ್ಮ ಬಿ. ಪುಟ್ಟಸ್ವಾಮಯ್ಯನವರ 'ಅರ್ಧಾಂಗಿ' ಕಾದಂಬರಿ! 1969ರಲ್ಲಿಯೇ ಪುಟ್ಟಣ್ಣ ಕಣಗಾಲರು ಅದನ್ನು 'ಮಲ್ಲಮ್ಮನ ಪವಾಡ' ಮಾಡಿದ್ದರು. ಮಲತಾಯಿಯನ್ನು ನಂಬಿ ದಡ್ಡನಾಗಿ ಉಳಿದ ಮಗ ಅಲ್ಲಿ ರಾಜ್‌ಕುಮಾರ್.

ಬಹಳ ಹಿಗ್ಗಿ ಫೋನು ಮಾಡಿದೆವು. ಅವರು ಎಲ್ಲ ಕೇಳಿ, "ನಮ್ಮ ನಾಗೇಶ್ವರರಾವ್ 1955ರಲ್ಲೇ 'ಅರ್ಧಾಂಗಿ' ಮಾಡಿದ್ದರಲ್ಲ?" ಎಂದರು. ಹುಡುಕಿ ನೋಡಿದರೆ ನಿಜ. ಪಿ. ಪುಲ್ಲಯ್ಯನವರ ಆ ಚಿತ್ರದ ಮೂಲ ಮಣಿಲಾಲ್ ಬ್ಯಾನರ್ಜಿಯವರ ಬಂಗಾಳಿ ಕಾದಂಬರಿ 'ಸ್ವಯಂಸಿದ್ಧಾ'. ಅಲ್ಲಿಯೂ ದಡ್ಡ ಮಗ, ಮಲತಾಯಿ, ಓದಿದ ಸೊಸೆ. ನಮ್ಮ ಹಿಗ್ಗು ಅರ್ಧಕ್ಕಿಳಿಯಿತು. ಅವರ ನಗುವೂ ಅರ್ಧಕ್ಕಿಳಿದಿರಬೇಕು. ಏಕೆಂದರೆ ರೀಮೇಕಿನ ಮಾತು ಅವರು ಮತ್ತೆ ಎತ್ತಲಿಲ್ಲ.

ವಿಜಯವಾಡದಲ್ಲಿ ಚಿತ್ರ ಹಂಚಿಕೆದಾರರ ಬೀದಿಗೆ ಗಾಂಧಿನಗರವೆಂದು ಹೆಸರು. ಬೆಂಗಳೂರಿನಲ್ಲಿಯೂ ಗಾಂಧಿನಗರವೇ. ಎರಡು ಕಡೆಯೂ ಕಥೆಗಳು ಊರೂರು ಅಲೆದು ಬಂದಂಥವೇ. ಬಂದ ಕಥೆಯನ್ನು ನಂಬುವಂತೆ ಮಾಡುವುದು ಪಾತ್ರಧಾರಿಯ ಕೆಲಸ, ಚಂದ್ರಮೋಹನ್ ಮಾಡಿದಂತೆ.

ಕೊನೆಗೊಂದು ಕೋರಿಕೆ. ನಮ್ಮ ಮನೆಯ ಮಕ್ಕಳು 'ಅಬ್ಬಾಯಿಗಾರು' ಬಲ್ಲರು, 'ಅರ್ಧಾಂಗಿ'ಯ ಹೆಸರನ್ನೂ ಕೇಳಿಲ್ಲ. ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಪುಟ್ಟಸ್ವಾಮಯ್ಯನವರ ಆ ಪುಸ್ತಕವಿದ್ದರೆ ಮುಂದಿನ ಸಭೆಗೆ ದಯವಿಟ್ಟು ತನ್ನಿ. ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದುವ ಹೊಣೆ ನಮ್ಮದು.