ತೆರೆದ ಬಾಗಿಲಿನ ಪ್ರಾರ್ಥನೆ



ತುಂಗೆ ಮತ್ತು ಭದ್ರೆಯರು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಕೂಡಲಿಯಲ್ಲಿ ಸಂಗಮಿಸಿ, ಹರಿಹರದತ್ತ ಹರಿದು ಬರುತ್ತಾರೆಂಬುದನ್ನು ನೀವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀರಿ. ಅದೇ ಗಂಗಾಮೂಲದ ಅರಣ್ಯದಲ್ಲಿ 1858ರ ಏಪ್ರಿಲ್ 23ರಂದು ಪಂಡಿತಾ ರಮಾಬಾಯಿ ಜನಿಸಿದರು. ಕ್ರೈಸ್ತ ಕುಟುಂಬದಲ್ಲಿ ತಾಯಿಯ ಪ್ರಭಾವದ ಮಾತು ಬಂದಾಗಲೆಲ್ಲ ಸಂತ ಅಗಸ್ಟೀನನ ತಾಯಿ ಮೋನಿಕಳನ್ನು ಸ್ಮರಿಸುವುದು ವಾಡಿಕೆ. ನಮ್ಮ ನದಿಯ ಉಗಮದಲ್ಲಿಯೇ ಹುಟ್ಟಿದ ಈ ಮಹಿಳೆಯ ಕಥೆಯೂ ಅಷ್ಟೇ ಸ್ಮರಣೀಯ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಸಮೀಪದ ಮಾಳ ಗ್ರಾಮದವರು. ಸ್ತ್ರೀಯರಿಗೆ ಸಂಸ್ಕೃತ ಕಲಿಸಬಾರದೆಂಬ ಕಾಲದಲ್ಲಿ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ವಿರೋಧ ಬಂದಾಗ ಅರಣ್ಯಕ್ಕೆ ಹೋಗಿ ನೆಲೆಸಿದರು. ರಮಾಬಾಯಿ ಕಲಿಯುವ ವಯಸ್ಸಿಗೆ ಬರುವಷ್ಟರಲ್ಲಿ ತಂದೆಗೆ ವೃದ್ಧಾಪ್ಯ. ಆದುದರಿಂದ ಮಗಳಿಗೆ ಗುರುವಾದವರು ತಾಯಿ. ಹಕ್ಕಿಗಳ ದನಿ ಕೇಳಿಬರುವ ಹೊತ್ತಿಗೆ ಮಗುವನ್ನು ಮುದ್ದಿನ ಮಾತುಗಳಿಂದ ಎಬ್ಬಿಸಿ, ಪುಸ್ತಕವಿಲ್ಲದೆ ಬಾಯಿಯಿಂದಲೇ ಶ್ಲೋಕಗಳನ್ನು ಹೇಳಿಕೊಡುತ್ತಿದ್ದರು. ಹದಿನೈದು ವರ್ಷ ತುಂಬುವ ಹೊತ್ತಿಗೆ ಭಾಗವತದ ಬಹುಭಾಗ ರಮಾಬಾಯಿಗೆ ಕಂಠಸ್ಥವಾಗಿತ್ತು.

1870ರ ದಶಕದ ಕ್ಷಾಮದಲ್ಲಿ ತೀರ್ಥಯಾತ್ರೆಯಲ್ಲಿದ್ದ ಈ ಕುಟುಂಬ ಅನ್ನವಿಲ್ಲದೆ ಬಳಲಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣನೊಂದಿಗೆ ನಡೆದು 1878ರಲ್ಲಿ ಕಲ್ಕತ್ತೆ ತಲುಪಿದ ರಮಾಬಾಯಿಯವರ ವಿದ್ವತ್ತಿಗೆ ಬೆರಗಾದ ಪಂಡಿತರು ಅವರಿಗೆ 'ಸರಸ್ವತಿ' ಎಂಬ ಬಿರುದು ನೀಡಿದರು. 1880ರಲ್ಲಿ ವಿವಾಹ, 1881ರಲ್ಲಿ ಮಗಳು ಮನೋರಮಾ, 1882ರಲ್ಲಿ ವೈಧವ್ಯ. 1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜ್‌ನಲ್ಲಿ ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ತಾಯಿ ಬೋಧಿಸಿದ್ದು ಭಾಗವತ, ಮಗಳು ಅಪ್ಪಿದ್ದು ಬೈಬಲ್. ಹಾಗಾದರೆ ತಾಯಿಯ ಪ್ರಭಾವ ಅಲ್ಲಿಗೇ ಮುಗಿಯಿತೇ? ರಮಾಬಾಯಿಯವರೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಕ್ರೈಸ್ತರಾದ ನಾಲ್ಕು ವರ್ಷಗಳ ಬಳಿಕ, 1887ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ 'ದಿ ಹೈ ಕಾಸ್ಟ್ ಹಿಂದೂ ವುಮನ್' ಗ್ರಂಥವನ್ನು ಅವರು ತಾಯಿ ಲಕ್ಷ್ಮೀಬಾಯಿಯ ಸ್ಮರಣೆಗೆ ಅರ್ಪಿಸಿದರು. ಧರ್ಮ ಬೇರೆಯಾದರೂ ತಾಯಿಯ ಋಣವನ್ನು ಅವರು ಅಲ್ಲಗಳೆಯಲಿಲ್ಲ.

ಅವರು ತಾಯಿಯಾಗಿಯೂ ಅದೇ ದಾರಿಯಲ್ಲಿ ನಡೆದರು. ಮಗಳ ಧಾರ್ಮಿಕ ಶಿಕ್ಷಣದ ಬಗ್ಗೆ ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಅವರೊಂದಿಗೆ ಪತ್ರಗಳಲ್ಲಿ ದೀರ್ಘವಾಗಿ ವಾದಿಸಿದರು. ತನಗೆ ಜ್ಞಾನಮಾತೆಯಂತಿದ್ದವರ ಎದುರಿನಲ್ಲಿಯೂ ಮಗಳ ಹೊಣೆಯನ್ನು ಬಿಟ್ಟುಕೊಡಲಿಲ್ಲ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂದಿತು. ಅಲ್ಲಿ ಧರ್ಮಬೋಧನೆ ಇರುವುದಿಲ್ಲವೆಂಬ ವಚನವಿತ್ತು. ರಮಾಬಾಯಿ ತಮ್ಮ ಕೋಣೆಯಲ್ಲಿ ಮನೋರಮಾಳೊಂದಿಗೆ ಬೈಬಲ್ ಓದಿ ಪ್ರಾರ್ಥಿಸುತ್ತಿದ್ದರು. ಬಾಗಿಲು ತೆರೆದಿರುತ್ತಿತ್ತು. ಕೆಲವು ಹುಡುಗಿಯರು ತಾವಾಗಿಯೇ ಬಂದು ಕೂರತೊಡಗಿದರು. ವಚನಭಂಗವಾಯಿತೆಂದು ಪಾಲಕರು ಆತಂಕಗೊಂಡರು. ಅವರ ಆತಂಕವನ್ನು ಅಸಹಜವೆನ್ನಲಾಗದು. ಆದರೆ ವಿದ್ಯಾರ್ಥಿನಿಯರಿಗೆ ತಮ್ಮ ಪೂಜೆ ನಡೆಸಲು ಇದ್ದ ಸ್ವಾತಂತ್ರ್ಯ ತನಗೂ ಇದೆಯೆಂದು ರಮಾಬಾಯಿ ಬಾಗಿಲು ಮುಚ್ಚಲು ಒಪ್ಪಲಿಲ್ಲ. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದವರು ಸಲಹಾ ಸಮಿತಿಯಿಂದ ಹೊರಬಂದರು. ಅನೇಕ ಹುಡುಗಿಯರನ್ನು ಮನೆಯವರು ಕರೆದೊಯ್ದರು.

ಹಸಿವಿನಿಂದ ತಾಯಿಯನ್ನು ಕಳೆದುಕೊಂಡ ನೆನಪು ಅವರನ್ನು ಸುಮ್ಮನಿರಗೊಡಲಿಲ್ಲ. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಬಳಿಯ ಕೇಡಗಾಂವಿನ ಮುಕ್ತಿ ಸದನ ಅವರ ಆಶ್ರಯವಾಯಿತು. ತಾಯಿಯ ಕೈಹಿಡಿದ ಮಗಳು ಮನೋರಮಾ 1912ರಲ್ಲಿ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಆರಂಭವಾದ ಶಾಲೆಯ ಮುಖ್ಯಸ್ಥೆಯಾದರು. 1921ರಲ್ಲಿ ಮಗಳು, 1922ರ ಏಪ್ರಿಲ್ 5ರಂದು ತಾಯಿ ತೀರಿಕೊಂಡರು.

ಸೆಪ್ಟೆಂಬರ್ 8ರಂದು, ಮರಿಯಮ್ಮನ ಜನ್ಮದಿನದ ಹಬ್ಬಕ್ಕೆ, ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಎಲ್ಲ ಮತದವರೂ ಬರುತ್ತಾರೆ. ಮಗುವನ್ನು ಎತ್ತಿಕೊಂಡು ಬರುವ ತಾಯಂದಿರನ್ನು ಕಂಡಾಗ ನನಗೆ ಲಕ್ಷ್ಮೀಬಾಯಿಯ ನೆನಪಾಗುತ್ತದೆ. ಆ ಮಗು ಮುಂದೆ ಯಾವ ಗ್ರಂಥವನ್ನು ತೆರೆಯುವುದೋ ಯಾವ ತಾಯಿಯೂ ಅರಿಯಳು. ತಾನು ನಂಬಿದ್ದನ್ನು ಮಗುವಿನ ಕಣ್ಣೆದುರು ಪ್ರಾಮಾಣಿಕವಾಗಿ ಬದುಕುವುದಷ್ಟೇ ಅವಳ ಪಾಲಿನ ಕೆಲಸ. ದಾವಣಗೆರೆ, ಹರಿಹರಗಳಲ್ಲಿ ಈಗ ತಾಯಂದಿರಾಗಿರುವ ನನ್ನ ವಿದ್ಯಾರ್ಥಿನಿಯರು ಇದನ್ನು ಓದಿ, ತಮ್ಮ ಮಕ್ಕಳಿಗೂ ಈ ಮೂವರ ಕಥೆಯನ್ನು ಹೇಳಲಿ.