ಭಾರವಿಲ್ಲದ ಲೋಕದಲ್ಲಿ ಕರಗಿದ ಲೋಹ

ಕಮಠಾಣದ ಯಾವುದೇ ಶಾಲೆಯ ಅಂಗಳದಲ್ಲಿ ಮಾಡಿ ನೋಡಬಹುದಾದ ಸರಳ ಪ್ರಯೋಗವೊಂದಿದೆ. ಪ್ಲಾಸ್ಟಿಕ್ ಬಾಟಲಿಯ ತಳದ ಬಳಿ ತೂತು ಕೊರೆದು, ನೀರು ತುಂಬಿ, ಮುಚ್ಚಳ ತೆಗೆದು ಎತ್ತರದಿಂದ ಕೈಬಿಡಬೇಕು. ಕೈಯಲ್ಲಿದ್ದಾಗ ಚಿಮ್ಮುತ್ತಿದ್ದ ನೀರು, ಬಾಟಲಿ ಬೀಳುವಷ್ಟು ಹೊತ್ತು ನಿಂತುಬಿಡುತ್ತದೆ. ಬಾಟಲಿಯೂ ನೀರೂ ಒಟ್ಟಿಗೇ ಬೀಳುವುದರಿಂದ ಮೇಲಿನ ನೀರು ಕೆಳಗಿನ ನೀರನ್ನು ಒತ್ತುವುದಿಲ್ಲ.

ಭೂಮಿಯನ್ನು ಸುತ್ತುವ ಗಗನನೌಕೆಯಲ್ಲೂ ನಡೆಯುವುದು ಇದೇ. ಅಲ್ಲಿ ಗುರುತ್ವಾಕರ್ಷಣೆಯೇ ಇಲ್ಲವೆಂಬುದು ತಪ್ಪು ಕಲ್ಪನೆ. 400 ಕಿ.ಮೀ. ಎತ್ತರದಲ್ಲೂ ಭೂಮಿಯ ಸೆಳೆತ ನೆಲದ ಮೇಲಿನದರ ಸುಮಾರು ಶೇ 88ರಷ್ಟಿರುತ್ತದೆ. ನೌಕೆ ಸದಾ ಬೀಳುತ್ತಲೇ ಇರುವುದರಿಂದ ಒಳಗಿನದಕ್ಕೆಲ್ಲ ಭಾರವಿಲ್ಲದಂತಾಗುತ್ತದೆ.

ಈ ಗುಟ್ಟನ್ನು ಕೈಗಾರಿಕೆ ಎಂದೋ ಬಳಸಿಕೊಂಡಿತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನ ವಿಲಿಯಂ ವಾಟ್ಸ್ 1782ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ, ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ಬೀಳಿಸಲಾಗುತ್ತಿತ್ತು. ಹನಿಗಳು ಮೇಲ್ಮೈ ಎಳೆತದಿಂದ ದುಂಡಗಾಗಿ, ಕೆಳಗಿನ ನೀರಿಗೆ ಬಿದ್ದು ಬಂದೂಕಿನ ಚರೆಗಳಾಗುತ್ತಿದ್ದವು.

ಬೀದರಿನ ಬಿದರಿ ಕುಶಲಕರ್ಮಿ ಸತುವಿಗೆ ತುಸು ತಾಮ್ರ ಬೆರೆಸಿ ಕರಗಿಸಿ ಮರಳಿನ ಅಚ್ಚಿಗೆ ಸುರಿಯುವಾಗ, ಲೋಹ ಅಚ್ಚಿನೊಳಗೆ ಇಳಿಯುವುದು ಭೂಮಿಯ ಸೆಳೆತದಿಂದಲೇ. ಆದರೆ ಇದೇ ಸೆಳೆತ ವಿಜ್ಞಾನಿಗೆ ತೊಡಕು. ಕಾದ ದ್ರವ ಮೇಲೇರುತ್ತದೆ, ತಣ್ಣಗಾದದ್ದು ಕೆಳಗಿಳಿಯುತ್ತದೆ, ಭಾರದ ಲೋಹ ತಳ ಸೇರುತ್ತದೆ. ಈ ಕಲಕಾಟದಲ್ಲಿ ಹರಳುಗಳು ದೋಷವಿಲ್ಲದೆ ಬೆಳೆಯುವುದು ಕಷ್ಟ. ಲೋಹ ತನ್ನ ಪಾಡಿಗೆ ಗಟ್ಟಿಯಾಗುವುದನ್ನು ನೋಡಬೇಕಾದರೆ ಬಾಹ್ಯಾಕಾಶಕ್ಕೇ ಹೋಗಬೇಕು.

1969ರ ಅಕ್ಟೋಬರಿನಲ್ಲಿ ಸೋಯುಜ್-6ರಲ್ಲಿ ವಲೇರಿ ಕುಬಾಸೊವ್ ಮೊದಲ ಬಾರಿಗೆ ಬಾಹ್ಯಾಕಾಶ ಬೆಸುಗೆಯ ಪ್ರಯೋಗ ನಡೆಸಿದರು. 1984ರ ಏಪ್ರಿಲ್‌ನಲ್ಲಿ ಸಲ್ಯೂಟ್-7ಕ್ಕೆ ಹೋದ ರಾಕೇಶ್ ಶರ್ಮ ಅವರ ಕೆಲಸಗಳಲ್ಲಿ ಬೆಳ್ಳಿ-ಜರ್ಮೇನಿಯಂ ಮಿಶ್ರಲೋಹದ ಪ್ರಯೋಗವೂ ಸೇರಿತ್ತು. 2007ರ ಜನವರಿ 10ರಂದು ಪಿಎಸ್‌ಎಲ್‌ವಿ-ಸಿ7 ಒಯ್ದ 550 ಕೆ.ಜಿ. ತೂಕದ ಕೋಶದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪಾಲ್ಗೊಂಡ ಲೋಹ ಕರಗಿಸುವ ಪ್ರಯೋಗವಿತ್ತು. 12 ದಿನಗಳ ಬಳಿಕ ಕೋಶ ಸುರಕ್ಷಿತವಾಗಿ ಬಂಗಾಳ ಕೊಲ್ಲಿಗಿಳಿಯಿತು.

ವಿದ್ಯಾರ್ಥಿಗಳ ಸರದಿ ಆಮೇಲೆ ಬಂತು. 2010ರ ಜುಲೈ 12ರಂದು ಬೆಂಗಳೂರು ಮತ್ತು ಹೈದರಾಬಾದಿನ ಏಳು ಕಾಲೇಜುಗಳ ವಿದ್ಯಾರ್ಥಿಗಳು ರೂಪಿಸಿದ, ಒಂದು ಕೆ.ಜಿ.ಗೂ ಹಗುರಾದ ಸ್ಟಡ್‌ಸ್ಯಾಟ್ ಕಕ್ಷೆ ಸೇರಿತು. 2024ರ ಡಿಸೆಂಬರ್ 30ರಂದು ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಉಪಕರಣ, ಮನುಷ್ಯನ ಕರುಳಿನಲ್ಲಿರುವ ಸೂಕ್ಷ್ಮಜೀವಿಯ ಬೆಳವಣಿಗೆಯನ್ನು ತಿಳಿಯಲು ಪಿಎಸ್‌ಎಲ್‌ವಿ-ಸಿ60ರಲ್ಲಿ ಹಾರಿತು. ಅದಕ್ಕೆ ನೆಲೆಯಾದದ್ದು ರಾಕೆಟ್ಟಿನ ಕೊನೆಯ ಹಂತ. ಹಿಂದೆ ಕೆಲಸ ಮುಗಿದೊಡನೆ ಕಸವಾಗುತ್ತಿದ್ದ ಭಾಗವನ್ನು ಇಸ್ರೊ ಪ್ರಯೋಗಶಾಲೆಯಾಗಿಸಿದೆ.

ಬೀದರ್, ಭಾಲ್ಕಿಗಳಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಲೋಹ ಕರಗಿಸುವ ವಿದ್ಯೆಯಂತೂ ಇಲ್ಲಿ ಶತಮಾನಗಳಷ್ಟು ಹಳೆಯದು. ರಾಜಧಾನಿಯ ವಿದ್ಯಾರ್ಥಿಗಳಿಗೆ ತೆರೆದ ಬಾಗಿಲು ಗಡಿ ಜಿಲ್ಲೆಯವರಿಗೂ ತೆರೆಯಬೇಕು. ಅಲ್ಲಿಯತನಕ ಮೊದಲ ಪಾಠಕ್ಕೆ ತೂತು ಬಾಟಲಿಯೊಂದು ಸಾಕು.