ಹೊನ್ನಿಗೆ ಹಾಡುವ ಕಂಠ, ನಿಷ್ಠುರ ನುಡಿವ ನಾಲಗೆ: ದೋರಸಮುದ್ರದ ಕರಣಿಕನಿಂದ ಅನಾಮಿಕ ಸತಿಯರವರೆಗೆ



ಹಾಡುವುದನ್ನೇ ಜೀವನೋಪಾಯ ಮಾಡಿಕೊಂಡ ಕಲಾವಿದನು ಸಂಭಾವನೆ ಕೊಟ್ಟು ಕರೆಸಿದವರ ಎದುರಿನಲ್ಲಿಯೇ ಅವರಿಗೆ ಹಿತವಾಗದ ಹಾಡನ್ನು ಹಾಡಬಹುದೇ? ಜಾತ್ರೆಯ ವೇದಿಕೆ, ಮದುವೆಯ ಚಪ್ಪರ, ಉತ್ಸವ ಸಮಿತಿಯ ರಂಗಮಂಟಪ, ಸರ್ಕಾರದ ಸಮಾರಂಭ ಎಲ್ಲೆಡೆಯೂ ಈ ಪ್ರಶ್ನೆ ಆಗಾಗ ತಲೆಯೆತ್ತುತ್ತದೆ. ವೀಳ್ಯವಿತ್ತವನ ಮನಸ್ಸಂತೋಷವೇ ವೃತ್ತಿಧರ್ಮವೆಂಬುದು ಒಂದು ಪಕ್ಷ. ಅನ್ಯಾಯವನ್ನು ಕಂಡೂ ಇಂಪಾಗಿ ಹಾಡಿ ಹೋಗುವ ಕಂಠ ಮಾರಾಟವಾದ ಕಂಠವೆಂಬುದು ಇನ್ನೊಂದು ಪಕ್ಷ. ಎರಡೂ ಪಕ್ಷಗಳು ಹೊಸವೇನಲ್ಲ. ಹೊಯ್ಸಳರ ರಾಜಧಾನಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಕರಣಿಕನಾಗಿದ್ದ ಒಬ್ಬ ಶಿವಕವಿ ಮತ್ತು ಅವನ ಸೋದರಳಿಯ ಇವರಿಬ್ಬರ ಬಾಳು-ಬರಹಗಳಲ್ಲಿ ಈ ವಾದ ಪೂರ್ಣರೂಪದಲ್ಲಿ ನಡೆದುಹೋಗಿದೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವು ವಿಷ್ಣುವರ್ಧನನ ಕಾಲದಲ್ಲಿ, ಕ್ರಿ.ಶ. 1121ರ ಸುಮಾರಿಗೆ, ಕೇತಮಲ್ಲನೆಂಬ ಅಧಿಕಾರಿಯ ಮುತುವರ್ಜಿಯಿಂದ ಎದ್ದಿತು. 2023ರಲ್ಲಿ ಬೇಲೂರು ಮತ್ತು ಸೋಮನಾಥಪುರದ ದೇಗುಲಗಳೊಡನೆ ಇದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರ ಹೊರಗೋಡೆಯನ್ನು ನೋಡುತ್ತ ಸಾಗಿದರೆ ಮದ್ದಳೆ ಬಾರಿಸುವವರು, ತಾಳ ಹಿಡಿದವರು, ಕೊಳಲೂದುವವರು, ನರ್ತಿಸುವವರು ಕಣ್ಣಿಗೆ ಬೀಳುತ್ತಾರೆ. ಇವರು ಶಿಲ್ಪಿಯ ಕಲ್ಪನೆಯ ಗಂಧರ್ವರು ಮಾತ್ರವಲ್ಲ. ಆ ಕಾಲದ ಶಾಸನಗಳಲ್ಲಿ ಅಂಗಭೋಗ, ರಂಗಭೋಗಗಳಿಗೆ ಬಿಟ್ಟ ಭೂಮಿಯ ವಿವರ ಮತ್ತೆ ಮತ್ತೆ ಬರುತ್ತದೆ. ರಂಗಭೋಗವೆಂದರೆ ದೇವರ ಮುಂದಿನ ಗೀತ-ವಾದ್ಯ-ನೃತ್ಯ. ಅದನ್ನು ನಡೆಸುವವರಿಗೆ ಆ ಭೂಮಿಯ ಹುಟ್ಟುವಳಿಯೇ ವೇತನ. ದಾನ ಕೊಟ್ಟವನು ಅರಸ, ದಂಡನಾಯಕ ಅಥವಾ ಸೆಟ್ಟಿ. ಹೀಗಿರುವಾಗ ಹಾಡು ದೇವರಿಗೆ ಸಲ್ಲುತ್ತಿದ್ದರೂ ಅನ್ನ ಪ್ರಭುವಿನಿಂದ ಬರುತ್ತಿತ್ತು.

ಹರಿಹರನು ಇಂಥ ಊರಿನಲ್ಲಿ ಲೆಕ್ಕ ಬರೆಯುತ್ತಿದ್ದನು. ಅವನ ಒಡೆಯ ನರಸಿಂಹ ಬಲ್ಲಾಳ. ಈ ಅರಸನು ಒಂದನೆಯ ನರಸಿಂಹನೋ (1152-1173) ಎರಡನೆಯ ನರಸಿಂಹನೋ (1220-1235) ಎಂಬ ವಿಷಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಪರಂಪರೆಯಾದರೋ ಇಸವಿಗಿಂತ ಘಟನೆಯನ್ನು ನೆನಪಿನಲ್ಲಿಟ್ಟುಕೊಂಡಿದೆ. ಹಂಪೆಯಲ್ಲಿ ವಿರೂಪಾಕ್ಷನ ಸನ್ನಿಧಿಯ ತೆರೆಗೆ ಬೆಂಕಿ ತಗುಲಿದುದನ್ನು ಹರಿಹರನು ದೋರಸಮುದ್ರದ ಸಭೆಯಲ್ಲಿ ಕುಳಿತೇ ಕೈಯುಜ್ಜಿ ನಂದಿಸಿದನಂತೆ. ಅರಸನು ಆತನ ಮಹಿಮೆಯನ್ನರಿತು ಬೀಳ್ಕೊಟ್ಟನಂತೆ. ಕಥೆಯ ಪವಾಡವನ್ನು ಬದಿಗಿಟ್ಟರೂ ಒಂದು ಸಂಗತಿ ಉಳಿಯುತ್ತದೆ: ಕೈ ಅರಸನ ಕಡಿತದ ಮೇಲಿತ್ತು, ಮನ ಹಂಪೆಯಲ್ಲಿತ್ತು. ಆ ಸಂಬಂಧ ಬಹುಕಾಲ ನಡೆಯಲಿಲ್ಲ. ಕೆಲಸ ಬಿಟ್ಟು ಹಂಪೆಗೆ ಹೋದ ಹರಿಹರನು ಪಂಪಾಶತಕದಲ್ಲಿ ಮನುಷ್ಯರನ್ನು ಹೊಗಳುವ ಕಾವ್ಯವೃತ್ತಿಯನ್ನು ಕಟುವಾಗಿ ತಿರಸ್ಕರಿಸಿದನು. ಆಮೇಲೆ ಶರಣರ ಕಥೆಗಳನ್ನು ರಗಳೆಗಳಲ್ಲಿ ಹಾಡಿದನು. ಪ್ರಶ್ನೆಗೆ ಇದು ಮೊದಲನೆಯ ಉತ್ತರ: ಯಾರ ಹೊನ್ನೂ ಬೇಡ, ಯಾರ ಹಂಗೂ ಬೇಡ.

ಉತ್ತರ ಗಂಭೀರವಾದುದು, ಆದರೆ ಎಲ್ಲರಿಗೂ ಎಟುಕುವಂಥದಲ್ಲ. ಹೆಂಡಿರು ಮಕ್ಕಳನ್ನು ಸಾಕಬೇಕಾದ ಮದ್ದಳೆಯವನು ಯಾವ ಹಂಪೆಗೆ ಹೋಗಬೇಕು? ಹರಿಹರನೇ ರಗಳೆ ಬರೆದು ಕೊಂಡಾಡಿದ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿ ರಾಜಸೇವೆಯಲ್ಲಿಯೇ ಇದ್ದರು. ಗಣಕರ ಲೆಕ್ಕದ ತಪ್ಪನ್ನು ತಿದ್ದಿ ಅವರು ಕೆಲಸಕ್ಕೆ ಸೇರಿದ ಪ್ರಸಂಗವನ್ನು ಹರಿಹರನು ಬಹಳ ಉತ್ಸಾಹದಿಂದ ವರ್ಣಿಸುತ್ತಾನೆ. (ಒಬ್ಬ ಕರಣಿಕನು ಇನ್ನೊಬ್ಬ ಕರಣಿಕನ ಕಥೆ ಬರೆಯುವಾಗ ಈ ಉತ್ಸಾಹ ಸಹಜವೇ.) ರಾಜವೇತನವು ಬಸವಣ್ಣನವರ ನಾಲಗೆಯನ್ನು ಕಟ್ಟಿಹಾಕಲಿಲ್ಲ. ವೇತನ ಸಲ್ಲುವುದು ದುಡಿಮೆಗೆ; ನಂಬುಗೆಗೂ ಮೌನಕ್ಕೂ ಅಲ್ಲ ಎಂಬ ಭೇದವನ್ನು ಅವರ ಜೀವನವೇ ತೋರಿಸಿತು. ಕಾಯಕತತ್ತ್ವದ ತಿರುಳೂ ಇಲ್ಲಿದೆ. ಆಯ್ದಕ್ಕಿ ಮಾರಯ್ಯನವರು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಹಿಂದಕ್ಕೆ ಕಳಿಸಿದರು. ಹೆಚ್ಚಾಗಿ ಬಂದ ಅಕ್ಕಿಯೊಡನೆ ಹಂಗೂ ಹಿಂಬಾಗಿಲಿನಿಂದ ಬರುತ್ತದೆಂಬ ಎಚ್ಚರ ಆ ತಾಯಿಗಿತ್ತು.

ಶರಣಗಣದಲ್ಲಿ ಕಲೆಯನ್ನೇ ಕಾಯಕ ಮಾಡಿಕೊಂಡವರು ಅನೇಕರಿದ್ದರು. ಬಹುರೂಪಿ ಚೌಡಯ್ಯ ವೇಷ ಕಟ್ಟುತ್ತಿದ್ದನು. ನಗೆಯ ಮಾರಿತಂದೆ ಜನರನ್ನು ನಗಿಸುತ್ತಿದ್ದನು. ಡಕ್ಕೆಯ ಬೊಮ್ಮಣ್ಣ ಮಾರಿಯನ್ನು ಹೊತ್ತು ಡಕ್ಕೆ ಬಾರಿಸುತ್ತಿದ್ದನು. ಬೊಮ್ಮಣ್ಣನ ಸ್ಥಿತಿ ವಿಶೇಷವಾಗಿ ವಿಚಾರಾರ್ಹ. ಕ್ಷುದ್ರದೈವಗಳ ಆರಾಧನೆಯನ್ನು ಶರಣರು ಒಪ್ಪಲಿಲ್ಲ; ಆದರೂ ಅವನು ಡಕ್ಕೆಯನ್ನು ಕೆಳಗಿಡಲಿಲ್ಲ. ಮನೆಮನೆಯ ಮುಂದೆ ಅದೇ ಡಕ್ಕೆ ನುಡಿಸುತ್ತ, ನಿಜವಾದ ಮಾರಿ ಮನುಷ್ಯನೊಳಗೇ ಇರುವುದನ್ನು ವಚನಗಳಲ್ಲಿ ಹೇಳಿದನು. ಇದು ಎರಡನೆಯ ಉತ್ತರ: ವೃತ್ತಿಯನ್ನು ಬಿಡದೆ ಅದರ ಅರ್ಥವನ್ನು ಒಳಗಿನಿಂದ ತಿರುಗಿಸುವುದು. ಇನ್ನು ಕಿನ್ನರಿ ಬೊಮ್ಮಯ್ಯನ ಕಥೆಯನ್ನು ಬಸವಪುರಾಣ ಬಲ್ಲವರೆಲ್ಲ ಬಲ್ಲರು. ತ್ರಿಪುರಾಂತಕನ ಮುಂದೆ ಕಿನ್ನರಿ ನುಡಿಸಿ ದೇವರಿಂದಲೇ ದಿನಕ್ಕೊಂದು ಹೊನ್ನನ್ನು ಪಡೆದು ಜಂಗಮದಾಸೋಹ ನಡೆಸುತ್ತಿದ್ದವನು ಅವನು. ಉಳ್ಳಿಯ ವಾಸನೆಗೆ ಬಸವಣ್ಣನವರು ಹೇಸಿದರೆಂದು ಮುನಿದು ಹೊರಟೇಬಿಟ್ಟನು. ಆಗ ಕಲ್ಯಾಣದ ಮಹಾಮಂತ್ರಿಯೇ ಉಳ್ಳಿಯನ್ನು ಮೆರವಣಿಗೆಯಲ್ಲಿ ತರಿಸಿ ಆ ವಾದಕನನ್ನು ಒಲಿಸಿಕೊಳ್ಳಬೇಕಾಯಿತು. ಪ್ರತಿಭಟನೆಗೆ ಎದುರಾದವನು ಬಸವಣ್ಣನಂಥವನಾದರೆ ಹೀಗಾಗುತ್ತದೆ. ಎಲ್ಲ ಒಡೆಯರೂ ಹಾಗಿರುವುದಿಲ್ಲ.

ಹಾಗಿಲ್ಲದ ಒಡೆಯನ ಚಿತ್ರವನ್ನು ಕೊಟ್ಟವನು ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕ. ಅವನ ಹರಿಶ್ಚಂದ್ರಕಾವ್ಯದಲ್ಲಿ ಬೇಟೆಯಿಂದ ದಣಿದು ಬೀಡುಬಿಟ್ಟ ಅರಸನ ಬಳಿಗೆ ಇಬ್ಬರು ಅನಾಮಿಕ ಸತಿಯರು ಬಂದು ಹಾಡುತ್ತಾರೆ. ‘ಅನಾಮಿಕ’ ಎಂಬುದಕ್ಕೆ ಇಲ್ಲಿ ಹೆಸರಿಲ್ಲದವರೆಂದು ಅರ್ಥ ಮಾಡಬಾರದು. ಮುಟ್ಟಬಾರದವರೆಂದು ಸಮಾಜ ಹೊರಗಿಟ್ಟ ಕುಲವನ್ನು ಆ ಮಾತು ಸೂಚಿಸುತ್ತದೆ. ಹಾಡು ಅರಸನಿಗೆ ಮೆಚ್ಚುಗೆಯಾಗುತ್ತದೆ, ಆಭರಣಗಳನ್ನು ಕೊಡುತ್ತಾನೆ. ಸಂಭಾವನೆ ಕೈಗೆ ಬಂದಿದೆ, ನಮಸ್ಕರಿಸಿ ಹೋದರೆ ಕೆಲಸ ಮುಗಿಯಿತು. ಆದರೆ ಅವರು ಹೋಗುವುದಿಲ್ಲ. ಬಿಸಿಲಲ್ಲಿ ಬೇಯುವವರಿಗೆ ಒಡವೆಯಿಂದ ಏನಾಗಬೇಕು, ತಲೆಯ ಮೇಲಿನ ಮುತ್ತಿನ ಸತ್ತಿಗೆಯನ್ನು ಕೊಡು ಎನ್ನುತ್ತಾರೆ. ಅಗತ್ಯವನ್ನು ಅರಿಯದ ಉದಾರತೆ ನಿರರ್ಥಕವೆಂಬುದನ್ನು ಉಪಮೆಗಳ ಮೇಲೆ ಉಪಮೆಗಳನ್ನು ಹೂಡಿ ತಿಳಿಸುತ್ತಾರೆ. ಸತ್ತಿಗೆ ವಂಶದಿಂದ ಬಂದುದು, ಕೊಡತಕ್ಕುದಲ್ಲ ಎಂದು ಅರಸ ನಿರಾಕರಿಸುತ್ತಾನೆ. ಹಾಗಾದರೆ ಸತ್ತಿಗೆಯ ಒಡೆಯನೇ ಗಂಡನಾಗಲಿ ಎಂದು ಅವರು ಕೇಳಿದಾಗ ಕುಲದ ಮಾತು ಬರುತ್ತದೆ.

ಕನ್ನಡ ಕಾವ್ಯದ ಅತ್ಯಂತ ನಿಷ್ಠುರವಾದ ಪ್ರಶ್ನೆಗಳಲ್ಲೊಂದು ಬರುವುದು ಇಲ್ಲಿಯೇ. ಅವರ ಹಾಡನ್ನು ಅರಸನ ಕಿವಿ ಸವಿದಿದೆ, ಅವರ ರೂಪನ್ನು ಕಣ್ಣು ನೋಡಿದೆ, ಅವರ ಮೈಯಿಂದ ಬೀಸಿದ ಗಾಳಿಯನ್ನು ಮೂಗು ಮೂಸಿದೆ. ಇವಾವುದಕ್ಕೂ ತಟ್ಟದ ಹೊಲೆ ಮುಟ್ಟುವಾಗ ಮಾತ್ರ ತಟ್ಟುವುದು ಹೇಗೆ? ಇಂದ್ರಿಯಗಳಲ್ಲಿಯೂ ಮೇಲುಕೀಳುಗಳುಂಟೇ? ಕಲಾವಿದನ ಕಲೆ ಬೇಕು, ಕಲಾವಿದ ಬೇಡ ಎನ್ನುವ ಸಮಾಜದ ನಡತೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಎತ್ತಿ ತೋರಿಸಿಲ್ಲ. ಅರಸನಲ್ಲಿ ಉತ್ತರವಿಲ್ಲ, ಚಮ್ಮಟಿಗೆಯಿದೆ. ಏಟು ತಿಂದು ಅವರು ಹಿಂದಿರುಗುತ್ತಾರೆ.

ಈ ಪ್ರಸಂಗದಲ್ಲಿ ಎರಡು ಸೂಕ್ಷ್ಮಗಳನ್ನು ಓದುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಮೊದಲನೆಯದು, ಆ ಸತಿಯರು ಹಾಡಿನಲ್ಲಿ ಕಡಮೆ ಮಾಡಲಿಲ್ಲ. ಅರಸನು ಕೇಳಬಯಸಿದ್ದನ್ನು ಪೂರ್ಣವಾಗಿ, ಮೆಚ್ಚುವಂತೆ ಹಾಡಿ, ಅದಾದ ಮೇಲೆಯೇ ನಿಷ್ಠುರ ನುಡಿದರು; ಅದೂ ಉಡುಗೊರೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡುತ್ತ. ಒಪ್ಪಿದ ಕಾಯಕಕ್ಕೆ ಮೋಸವಾಗಲಿಲ್ಲ, ಸತ್ಯಕ್ಕೂ ಮೋಸವಾಗಲಿಲ್ಲ. ಎರಡನೆಯದು ಹೆಚ್ಚು ತೊಡಕಿನದು: ಅವರು ತಾವಾಗಿ ಬಂದವರಲ್ಲ. ಹರಿಶ್ಚಂದ್ರನನ್ನು ಕೆಡಿಸಲು ವಿಶ್ವಾಮಿತ್ರನು ತನ್ನ ಕೋಪದಿಂದ ಸೃಷ್ಟಿಸಿ ಕಳಿಸಿದವರು. ಪ್ರತಿಭಟನೆಯ ದನಿಗೂ ಹಿಂದೆ ಒಬ್ಬ ಒಡೆಯನಿದ್ದಾನೆ! ಇಂದು ಪ್ರತಿಭಟನೆಯ ಹಾಡನ್ನು ಕೇಳಿದೊಡನೆ ‘ಇವನನ್ನು ಯಾರು ಕಳಿಸಿದರು?’ ಎಂದು ಕೇಳುವವರಿಗೆ ರಾಘವಾಂಕನು ಮೊದಲೇ ಜವಾಬು ಕೊಟ್ಟಂತಿದೆ. ಕಳಿಸಿದವನ ಉದ್ದೇಶ ಕಪಟವೇ ಆಗಿದ್ದರೂ ಅವರ ಪ್ರಶ್ನೆ ಕಪಟವಲ್ಲ. ವಿಶ್ವಾಮಿತ್ರನಿಗೆ ಬೇಕಾದದ್ದು ಅರಸನ ಸೋಲು. ಹೊಲೆಯ ತರ್ಕ ಅವನಿಗೆ ಬೇಕಿರಲಿಲ್ಲ. ಅದನ್ನು ಹೂಡಿದವರು ಆ ಹಾಡುಗಾರ್ತಿಯರು.

ಇಂಥ ಕಾವ್ಯವನ್ನು ಬರೆದ ರಾಘವಾಂಕನ ಗತಿಯೇನಾಯಿತು? ಹದಿನೇಳನೆಯ ಶತಮಾನದ ಸಿದ್ಧನಂಜೇಶನ ರಾಘವಾಂಕಚರಿತ್ರೆ ಮುಂತಾದವು ಉಳಿಸಿಕೊಂಡು ಬಂದ ಕಥೆಯಂತೆ, ಹಂಪೆಯ ದೇವರಾಜನ ಆಸ್ಥಾನದಲ್ಲಿ ಅವನು ಕಾವ್ಯವನ್ನೋದಿ ಮನ್ನಣೆ ಪಡೆದನು. ಶರಣರನ್ನು ಬಿಟ್ಟು ಭವಿಯಾದ ಅರಸನೊಬ್ಬನನ್ನು ಕೊಂಡಾಡಿದನೆಂದು ಹರಿಹರನು ಸಿಟ್ಟಾಗಿ ಹೊಡೆದನು. ಐದು ಹಲ್ಲುಗಳು ಉದುರಿದವು. ಸೋಮನಾಥಚರಿತ್ರೆ, ಸಿದ್ಧರಾಮಚರಿತ್ರೆ, ವೀರೇಶಚರಿತೆ, ಶರಭಚಾರಿತ್ರ, ಹರಿಹರಮಹತ್ವ ಎಂಬ ಐದು ಶೈವಕಾವ್ಯಗಳನ್ನು ಬರೆದ ಬಳಿಕ ಆ ಹಲ್ಲುಗಳು ಮರಳಿ ಬಂದವಂತೆ. ಕಥೆಯ ಚಾರಿತ್ರಿಕತೆಯನ್ನು ಆಧುನಿಕ ವಿದ್ವಾಂಸರು ಒಪ್ಪುವುದಿಲ್ಲ. ಆದರೂ ಅದರಲ್ಲಿ ಒಂದು ವಿಡಂಬನೆ ಅಡಗಿದೆ. ಅರಸನ ಸ್ತುತಿಯೆಂಬ ಕಾರಣಕ್ಕೆ ಏಟು ತಂದ ಕಾವ್ಯದಲ್ಲಿಯೇ ಅರಸೊತ್ತಿಗೆಗೂ ಕುಲಮದಕ್ಕೂ ಬಿದ್ದ ದೊಡ್ಡ ಪೆಟ್ಟು ಇದೆ. ಅದೂ ರಾಜಸಭೆಯಲ್ಲಿ, ಮನ್ನಣೆ ಪಡೆಯಲು ಬಂದ ಕವಿಯ ಬಾಯಿಂದ ಕೇಳಿಸಿತು. ದೇವರಾಜನ ಸಭೆ ಆ ಭಾಗವನ್ನು ತಲೆದೂಗಿ ಕೇಳಿತೇ, ತಲೆತಗ್ಗಿಸಿ ಕೇಳಿತೇ ಎಂಬುದನ್ನು ಚರಿತ್ರಕಾರರು ಬರೆದಿಡಲಿಲ್ಲ. ಗುರುವಿನ ನಿಷ್ಠುರತೆ ದೊಡ್ಡದು, ನಿಜ. ಈ ಒಂದು ವಿಷಯದಲ್ಲಿ ಮಾತ್ರ ಅಳಿಯನ ದಾರಿ ಹೆಚ್ಚು ಕಠಿನವಾದುದೆನ್ನಬೇಕು. ಆಸ್ಥಾನವನ್ನು ಬಿಟ್ಟುಹೋದವನ ಮಾತು ಆಸ್ಥಾನಕ್ಕೆ ಕೇಳಿಸದು.

ವಚನಗಳ ವಿಷಯದಲ್ಲಿಯೂ ಇದನ್ನೇ ಕಾಣಬಹುದು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮುಂತಾದ ಮಹನೀಯರು ವಚನಗಳನ್ನು ಕಛೇರಿಯ ವೇದಿಕೆಗೆ ತಂದರು; ಟಿಕೆಟ್ಟು ಕೊಂಡು ಬಂದವರೂ, ಆಕಾಶವಾಣಿಯ ಶ್ರೋತೃಗಳೂ ಜಾತಿಯನ್ನು ಧಿಕ್ಕರಿಸಿದ ನುಡಿಗಳನ್ನು ರಾಗದಲ್ಲಿ ಕೇಳಿದರು. ಸಂಭಾವನೆ ಪಡೆದದ್ದರಿಂದ ವಚನ ಮೈಲಿಗೆಯಾಗಲಿಲ್ಲ. ತೊಂದರೆ ಬರುವುದು ಆಯ್ಕೆಯಲ್ಲಿ. ಕರೆಸಿದವರಿಗೆ ಇರಿಯದ ವಚನಗಳನ್ನು ಮಾತ್ರ ಆರಿಸಿ, ಭಕ್ತಿಯ ಮಾಧುರ್ಯವನ್ನು ಉಣಬಡಿಸಿ, ಕುಲದ ಬಗೆಗೂ ಡಾಂಭಿಕರ ಬಗೆಗೂ ಶರಣರಾಡಿದ ಮಾತುಗಳನ್ನು ಗಂಟುಕಟ್ಟಿಟ್ಟರೆ ಅದು ಯಾರೂ ಕೇಳದೆಯೇ ತೆತ್ತ ಕಪ್ಪ. ಮಠದ ವೇದಿಕೆಗೂ ಈ ಮಾತು ಹೊರತಲ್ಲ.

ಪ್ರಾಯಶ್ಚಿತ್ತಕ್ಕೆಂದು ರಾಘವಾಂಕ ಬರೆದನೆನ್ನುವ ಐದು ಕಾವ್ಯಗಳಲ್ಲಿ ಶರಭಚಾರಿತ್ರ, ಹರಿಹರಮಹತ್ವಗಳು ಇಂದು ದೊರೆಯುವುದಿಲ್ಲ. ಏಟು ತಂದ ಹರಿಶ್ಚಂದ್ರಕಾವ್ಯವನ್ನು ಮಾತ್ರ ಗಮಕಿಗಳು ಊರೂರಿನಲ್ಲಿ ವಾಚಿಸುತ್ತ ಬಂದಿದ್ದಾರೆ. ವಾಚನ ಮುಗಿದ ಮೇಲೆ ಫಲತಾಂಬೂಲದೊಡನೆ ಸಂಭಾವನೆ ಸಲ್ಲುತ್ತದೆ. ಅನಾಮಿಕ ಸತಿಯರ ಪದ್ಯಗಳನ್ನು ಬಿಟ್ಟು ವಾಚಿಸಿದರೂ ಅಷ್ಟೇ ಸಲ್ಲುತ್ತದೆ.